ಸೂಪರ್‌ಚಾರ್ಜರ್ ಕೂರಿಸಿದ ಮೇಲೆ ಮೂರು ಥರದ ಸದ್ದು: 2018 ಮಸ್ಟ್ಯಾಂಗ್ ಜಿಟಿ 5.0

ಹಿಲ್‌ಕಂಟ್ರಿ50

ಎಲ್ಲರಿಗೂ ನಮಸ್ಕಾರ. ಗಾಡಿ 2018ರ ಮಸ್ಟ್ಯಾಂಗ್ ಜಿಟಿ, 5.0 ಕೊಯೋಟಿ ಎಂಜಿನ್, ಆರು ಗೇರಿನ ಮ್ಯಾನ್ಯುಯಲ್, 41,000 ಮೈಲಿ ಓಡಿದೆ. ಊರು ಟೆಕ್ಸಸ್‌ನ ಆಸ್ಟಿನ್. ಕಾರ್ಖಾನೆಯ ಇಂಟೇಕ್ ಮ್ಯಾನಿಫೋಲ್ಡ್ ಬಿಚ್ಚಿ ಅದರ ಜಾಗದಲ್ಲಿ 2.65 ಲೀಟರಿನ, ನಾಲ್ಕು ಲೋಬಿನ ರೋಟರುಗಳ ಸೂಪರ್‌ಚಾರ್ಜರ್ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಯಂತ್ರ) ಕೂರಿಸಿ 600 ಮೈಲಿ ಆಯಿತು. ಕೆಲಸ ಮನೆಯ ಗ್ಯಾರೇಜಿನಲ್ಲೇ ಆಗಿದ್ದು. ಬೂಸ್ಟ್ (ಒತ್ತಿ ತುಂಬುವ ಗಾಳಿಯ ಹೆಚ್ಚುವರಿ ಒತ್ತಡ) 9 ಪಿಎಸ್‌ಐ, ಪೆಟ್ರೋಲು 93 ಆಕ್ಟೇನ್, ಟ್ಯೂನ್ (ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ) ಕಿಟ್ ಜೊತೆ ಬಂದದ್ದೇ. ಪ್ಲಗ್ ಎಂಟೂ ಹೊಸದು, ಒಂದು ಹಂತ ಕೋಲ್ಡ್ (ಬಿಸಿಯನ್ನು ಬೇಗ ಬಿಟ್ಟುಕೊಡುವಂಥದ್ದು), ಗ್ಯಾಪ್ 0.030 ಇಂಚು. ಕ್ರ್ಯಾಂಕ್ ಒಂದು ಸುತ್ತಿಗೆ ಸೂಪರ್‌ಚಾರ್ಜರ್ ಪುಲ್ಲಿ 2.2 ಸುತ್ತು.

ಮೊದಲನೇ ಸದ್ದು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ. ಡ್ರೈವರ್ ಕಡೆ, ಹಿಂದುಗಡೆ, ಫೈರ್‌ವಾಲ್ ಹತ್ತಿರ ಟಿಕ್ ಟಿಕ್. ಆಕ್ಸಿಲರೇಟರ್ ಒತ್ತಿದರೆ ಟಿಕ್ ಕೂಡ ವೇಗ ಆಗುತ್ತದೆ. ಐದಾರು ನಿಮಿಷ ಬಿಸಿಯಾದರೆ ಮಾಯ.

ಎರಡನೆಯದು ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ, 700 ಆರ್‌ಪಿಎಂ ಆಸುಪಾಸು. ಎಂಜಿನ್ ಮುಂದುಗಡೆ ಮೇಲಿಂದ, ತಗಡಿನ ಡಬ್ಬಿಯಲ್ಲಿ ಕಡಲೆ ಹಾಕಿ ಅಲ್ಲಾಡಿಸಿದ ಹಾಗೆ. 900ಕ್ಕೆ ಏರಿಸಿದರೆ ನಿಲ್ಲುತ್ತದೆ.

ಮೂರನೆಯದು ಮಧ್ಯಾಹ್ನದ ಬಿಸಿಲಲ್ಲಿ ಮಾತ್ರ. ಐದನೇ ಗೇರು, 2000ದಿಂದ 2500, ಏರು ರಸ್ತೆಯಲ್ಲಿ ಅರ್ಧ ಆಕ್ಸಿಲರೇಟರ್. ಗಾಜಿನ ಗೋಲಿ ಉರುಳಿದ ಹಾಗೆ ಸಣ್ಣಗೆ ಕಿಣಿಕಿಣಿ.

ಚೆಕ್ ಎಂಜಿನ್ ದೀಪ ಇಲ್ಲ, ಕೋಡ್ ಇಲ್ಲ. ಇದರಲ್ಲಿ ಯಾವುದಕ್ಕೆ ಹೆದರಬೇಕು, ಯಾವುದನ್ನು ಮೊದಲು ಬಿಚ್ಚಬೇಕು?

ಟೈಮಿಂಗ್‌ಚೈನ್

ಮೂರನೆಯದಕ್ಕೆ ಹೆದರಿ, ಅದು ನಾಕಿಂಗ್ (ಸಿಲಿಂಡರಿನಲ್ಲಿ ಪೆಟ್ರೋಲು ತಾನಾಗಿಯೇ ಸಿಡಿಯುವುದು) ಇರಬಹುದು. ಅದು ಪತ್ತೆಯಾಗುವವರೆಗೆ ಎತ್ತರದ ಗೇರಿನಲ್ಲಿ ಎಂಜಿನ್ ಎಳೆಸಬೇಡಿ. ಏರು ಬಂದರೆ ಎರಡು ಗೇರು ಇಳಿಸಿ, 3000ದ ಮೇಲೆ ಹಗುರ ಕಾಲಿನಲ್ಲಿ ಹತ್ತಿಸಿ. ಈ ಎಂಜಿನ್‌ನ ಕಂಪ್ರೆಷನ್ 12:1, ಅದರ ಮೇಲೆ 9 ಪಿಎಸ್‌ಐ. ನಾಕಿಂಗ್‌ಗೆ ಇಲ್ಲಿ ಕ್ಷಮೆ ಕಡಿಮೆ, ಪಿಸ್ಟನ್ನಿನ ರಿಂಗ್ ಲ್ಯಾಂಡ್ (ರಿಂಗುಗಳ ನಡುವಿನ ಅಂಚು) ಒಡೆಯಲು ಕೆಲವು ಸೆಕೆಂಡು ಸಾಕು. ಉಳಿದೆರಡು ಸದ್ದನ್ನು ನಿಧಾನವಾಗಿ ಹುಡುಕಬಹುದು.

ಇನ್ನು ಹುಡುಕುವ ಬಗೆ. "ಟಪ್ಪೆಟ್ ಸೌಂಡು", "ಬೇರಿಂಗ್ ಸೌಂಡು" ಅಂತ ಸದ್ದಿಗೆ ಮೊದಲೇ ಹೆಸರಿಟ್ಟರೆ ಅರ್ಧ ಎಂಜಿನ್ ಸುಮ್ಮನೆ ಬಿಚ್ಚುತ್ತೀರಿ. ಮೊದಲು ಅದು ಯಾರ ತಾಳಕ್ಕೆ ಹೆಜ್ಜೆ ಹಾಕುತ್ತಿದೆ ಎಂದು ಎಣಿಸಿ. ಎಂಜಿನ್ನಿನಲ್ಲಿ ಈಗ ಮೂರು ತಾಳ ಇವೆ. 700 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಹತ್ತು ಸೆಕೆಂಡಿಗೆ ಸುಮಾರು 117 ಸುತ್ತು. ಕ್ಯಾಮ್ ಅದರ ಅರ್ಧ, 58. ಸೂಪರ್‌ಚಾರ್ಜರ್ ಶಾಫ್ಟ್ 2.2 ಪಟ್ಟು, ಅಂದರೆ 257. ಫೋನಿನಲ್ಲಿ ರೆಕಾರ್ಡ್ ಮಾಡಿ ಕಾಲು ಪಟ್ಟು ವೇಗದಲ್ಲಿ ಕೇಳಿಸಿಕೊಳ್ಳಿ, ಬೆರಳಿನಲ್ಲಿ ಎಣಿಸಬಹುದು. ರೆಕಾರ್ಡ್ ಆಗುವಾಗ ಆರ್‌ಪಿಎಂ ಎಷ್ಟಿತ್ತೆಂದು ಸ್ಕ್ಯಾನರ್ ನೋಡಿ ಬರೆದಿಟ್ಟುಕೊಳ್ಳಿ. ಡ್ಯಾಶ್‌ಬೋರ್ಡ್ ಮುಳ್ಳನ್ನು ನಂಬಬೇಡಿ. ಬೆಳಿಗ್ಗೆ ತಣ್ಣಗಿರುವಾಗ ಐಡ್ಲಿಂಗ್ ಸಹಜವಾಗಿಯೇ ಜಾಸ್ತಿ ಇರುತ್ತದೆ, ಅದು 700ಕ್ಕೆ ಇಳಿಯುವ ಹೊತ್ತಿಗೆ ಟಿಕ್ ಇನ್ನೂ ಉಳಿದಿದ್ದರೆ ಆಗ ಎಣಿಸಿ.

ಹತ್ತು ಸೆಕೆಂಡಿಗೆ 58 ಬಂತೆಂದರೆ ಒಂದೇ ಸಿಲಿಂಡರಿನ ಕೆಲಸ, ಎರಡು ಸುತ್ತಿಗೊಮ್ಮೆ ನಡೆಯುವಂಥದ್ದು: ಎಕ್ಸಾಸ್ಟ್ ಸೋರಿಕೆ, ಪ್ಲಗ್ ಸೋರಿಕೆ, ವಾಲ್ವುಗಳ ಲ್ಯಾಶ್ ಅಡ್ಜಸ್ಟರ್, ರೋಲರ್ ಫಾಲೋಯರ್, ಒಂದು ಇಂಜೆಕ್ಟರ್. 117 ಬಂದರೆ ಕ್ರ್ಯಾಂಕ್ ಕಡೆ ನೋಡಬೇಕು: ಬ್ಯಾಲೆನ್ಸರ್, ಫ್ಲೈವೀಲ್, ಕಂಬಿ ತಾಗುವಂಥ ಯಾವುದಾದರೂ. ಎಣಿಸಲಿಕ್ಕೇ ಆಗದ ಗಲಗಲ ಆದರೆ ಸೂಪರ್‌ಚಾರ್ಜರ್, ಬೆಲ್ಟಿನ ಐಡ್ಲರ್ ಪುಲ್ಲಿಗಳು ಅಥವಾ ಎಂಟೂ ಇಂಜೆಕ್ಟರ್ ಒಟ್ಟಿಗೆ. ಆರ್‌ಪಿಎಂಗೆ ಸಂಬಂಧವೇ ಇಲ್ಲದೆ ಒಂದೇ ಸಮ ಗುಂಯ್ ಅನ್ನುತ್ತಿದ್ದರೆ ಇಂಟರ್‌ಕೂಲರಿನ (ಸೂಪರ್‌ಚಾರ್ಜರಿನ ಗಾಳಿಯನ್ನು ನೀರಿನಿಂದ ತಣಿಸುವ ಭಾಗ) ವಿದ್ಯುತ್ ಪಂಪು, ಅಥವಾ ಪೆಟ್ರೋಲ್ ಪಂಪು.

ಸೂಪರ್‌ಚಾರ್ಜರಿನ ಸಹಜ ಸಿಳ್ಳೆಗೂ ಲೆಕ್ಕ ಇದೆ. ಎರಡು ರೋಟರು, ತಲಾ ನಾಲ್ಕು ಲೋಬು. ಶಾಫ್ಟಿನ ಒಂದು ಸುತ್ತಿಗೆ ಎಂಟು ಮಿಡಿತ. ಎಂಜಿನ್ 3000ದಲ್ಲಿದ್ದರೆ ಶಾಫ್ಟ್ 6600, ಸೆಕೆಂಡಿಗೆ 110 ಸುತ್ತು, ಎಂಟರಿಂದ ಗುಣಿಸಿದರೆ 880 ಹರ್ಟ್ಸ್. ಆವರ್ತನ ತೋರಿಸುವ ಆ್ಯಪ್‌ನಲ್ಲಿ ಅಲ್ಲೊಂದು ಗೋಪುರ ನಿಂತಿದ್ದರೆ ಅದು ಗಾಳಿಯ ಸದ್ದು, ಎಷ್ಟೇ ಜೋರಿದ್ದರೂ ರೋಗ ಅಲ್ಲ. ಈ ಸಂಖ್ಯೆಗೆ ಹೊಂದದ, ಆರ್‌ಪಿಎಂ ಜೊತೆ ಏರುವ ಕರಕರ ಇದ್ದರೆ ಮಾತ್ರ ಬೇರಿಂಗ್ ಬಗ್ಗೆ ಯೋಚಿಸಿ.

ಒಂದು ಎಚ್ಚರಿಕೆ. 2018ರ ಈ ಎಂಜಿನ್ನಿಗೆ ಸೂಪರ್‌ಚಾರ್ಜರ್ ಇಲ್ಲದೆಯೂ ಒಂದು ಟಿಕ್ ಇದೆ, ಅಮೆರಿಕದವರು ಅದಕ್ಕೆ "ಬಿಬಿಕ್ಯೂ ಟಿಕ್" ಅಂತ ಅಡ್ಡಹೆಸರಿಟ್ಟಿದ್ದಾರೆ, ಗ್ಯಾಸ್ ಲೈಟರ್ ಒತ್ತಿದ ಹಾಗೆ ಕೇಳುತ್ತದೆ. ಅದು ಬರುವುದು ಎಣ್ಣೆ ಚೆನ್ನಾಗಿ ಬಿಸಿಯಾದ ಮೇಲೆ. ನಿಮ್ಮದು ತಣ್ಣಗಿರುವಾಗ ಬಂದು ಬಿಸಿಯಾದರೆ ಹೋಗುತ್ತದೆ, ನೇರ ಉಲ್ಟಾ. ಹಾಗಾಗಿ ಯಾರಾದರೂ "ಅದು ಮಾಮೂಲಿ, ಬಿಟ್ಟುಬಿಡಿ" ಅಂದರೆ ಕೇಳಬೇಡಿ.

ಪಾನಾ_ಪಕ್ಕಡ

ಎಣಿಸೂದು ಛಲೋ ಐತ್ರಿ, ಆದ್ರ ಅದಕ್ಕಿಂತ ಮೊದಲ ಎರಡು ಸಣ್ಣ ಕೆಲಸ ಅದಾವ. ಹತ್ತು ನಿಮಿಷದಾಗ ಅರ್ಧ ಅನುಮಾನ ಹೋಗತಾವ.

ಒಂದು, ಐಡ್ಲಿಂಗ್‌ನ್ಯಾಗ ಗಲಗಲ ಅನ್ನೂವಾಗ ಕ್ಲಚ್ ಪೂರ್ತಿ ಒತ್ರಿ. ಸದ್ದು ನಿಂತ್ರ ಅದು ಎಂಜಿನ್ ಅಲ್ಲ, ಗೇರ್‌ಬಾಕ್ಸು. 2018ರ ಮ್ಯಾನ್ಯುಯಲ್ ಗಾಡಿಗೆ ಡ್ಯುಯಲ್ ಮಾಸ್ ಫ್ಲೈವೀಲ್ ಐತಿ, ಅದೂ ಒಮ್ಮೊಮ್ಮೆ ಗಲಗಲ ಅಂತೈತಿ. ಇದನ್ನ ನೋಡದ ಸೂಪರ್‌ಚಾರ್ಜರ್ ಮೂಗು (ಪುಲ್ಲಿ ಇರೂ ಮುಂದಿನ ಭಾಗ) ಬಿಚ್ಚಿ ಕುಂತವರು ಭಾಳ ಮಂದಿ.

ಎರಡು, ಬೆಲ್ಟ್ ತೆಗದು ನೋಡ್ರಿ. ಸೂಪರ್‌ಚಾರ್ಜರ್‌ಗೆ ಬ್ಯಾರೆ ಬೆಲ್ಟ್ ಇದ್ರ ಅದೊಂದ ತೆಗೀರಿ. ಎಲ್ಲಾದಕ್ಕೂ ಒಂದ ಬೆಲ್ಟ್ ಇದ್ರ ವಾಟರ್ ಪಂಪೂ ನಿಂತು ಹೋಗತೈತಿ, ಅದಕ್ಕ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ 60 ಸೆಕೆಂಡ್ ಒಳಗ ಬಂದ್ ಮಾಡ್ರಿ. ಬ್ಯಾಟರಿ ದೀಪ ಹತ್ತತೈತಿ, ಹೆದರಬ್ಯಾಡ್ರಿ. ಸ್ಟೀರಿಂಗ್ ವಿದ್ಯುತ್ತಿನದು, ಅದಕ್ಕ ಏನೂ ಆಗಂಗಿಲ್ಲ. ಬೈಪಾಸ್ ವಾಲ್ವ್ (ರೋಟರ್ ಬಿಟ್ಟು ಬ್ಯಾರೆ ದಾರಿಲೆ ಗಾಳಿ ಬಿಡೂದು) ತೆರೆದಿರತೈತಿ, ಹಂಗಾಗಿ ಗಾಳಿ ಸಿಗತೈತಿ, ಎಂಜಿನ್ ಐಡ್ಲಿಂಗ್ ನಡೀತೈತಿ. ಆದ್ರ ಎಕ್ಸಿಲೇಟರ್ ಮುಟ್ಟಬ್ಯಾಡ್ರಿ. ಬೆಲ್ಟ್ ಇಲ್ಲದಾಗ ಒಂದೊಂದ ಪುಲ್ಲಿ ಕೈಲೆ ತಿರುಗಸ್ರಿ. ಐಡ್ಲರ್ ಸುಯ್ ಅಂತ ಭಾಳ ಹೊತ್ತು ತಾನ ತಿರುಗಿದ್ರ ಒಳಗ ಗ್ರೀಸ್ ಒಣಗೇತಿ ಅಂತ ತಿಳೀರಿ. ಹೊಸ ಐಡ್ಲರ್ ಸ್ವಲ್ಪ ಬಿಗಿ ಇರತೈತಿ, ಎರಡು ಸುತ್ತಿಗೆ ನಿಲ್ಲತೈತಿ.

ಬೆಲ್ಟ್ ಚೀಂವ್ ಚೀಂವ್ ಅಂತೈತಿ ಅಂತ ನೀವು ಬರೆದಿಲ್ಲ, ಆದ್ರ ಮುಂದ ಬರಬಹುದು: ಓಡೂ ಬೆಲ್ಟಿನ ಪಟ್ಟಿ ಕಡೆ ನಾಲ್ಕು ಹನಿ ನೀರು ಹಾಕ್ರಿ. ಸದ್ದು ಹೋಗಿ ಮತ್ತ ಬಂದ್ರ ಪುಲ್ಲಿ ಸಾಲು ತಪ್ಪೇತಿ. ಜಾಸ್ತಿ ಆದ್ರ ಬೆಲ್ಟ್ ಸಡಲ ಐತಿ. ಸಾಲು 300 ಮಿಲಿಮೀಟರಿಗೆ 1.6ಕ್ಕಿಂತ ಹೆಚ್ಚು ಸರದಿರಬಾರದು.

ಮೊದಲನೇ ಟಿಕ್ ಹುಡುಕಾಕ ಸ್ಕ್ರೂಡ್ರೈವರ್ ಕಿವಿಗೆ ಇಟ್ಕೋಬ್ಯಾಡ್ರಿ. ಗಾಳಿ ಸೋರೂ ಸದ್ದು ಲೋಹದಾಗ ಬರಂಗಿಲ್ಲ. ಮೂರು ಫೂಟಿನ ರಬ್ಬರ್ ಪೈಪ್ ತಗೊಂಡು ಒಂದು ತುದಿ ಕಿವಿಗೆ, ಇನ್ನೊಂದು ತುದಿ ಮ್ಯಾನಿಫೋಲ್ಡ್ ಜೋಡಣೆ, ಪ್ಲಗ್ ಬಾವಿ, ಹಿಂಗ ಒಂದೊಂದ ಕಡೆ ಹಿಡೀರಿ. ಸೋರೂ ಜಾಗದಾಗ ಕಿವಿಗೆ ಟಪ್ ಟಪ್ ಅಂತ ಹೊಡದಂಗ ಕೇಳತೈತಿ. ಬೆಲ್ಟು, ಫ್ಯಾನು ದೂರ ಇರಲಿ, ತೋಳಿನ ಅಂಗಿ ಮಡಚಿರಲಿ.

ಲಾಗ್‌ನೋಡಿ

ಮೂರನೇ ಸದ್ದಿನ ಬಗ್ಗೆ ಮಾತ್ರ ಬರೆಯುತ್ತೇನೆ.

93 ಮಿಲಿಮೀಟರ್ ಬೋರಿನ ಸಿಲಿಂಡರಿನಲ್ಲಿ ನಾಕಿಂಗ್ ಆದಾಗ ಉರಿಯುವ ಅನಿಲ ಸುಮಾರು 6 ಕಿಲೋಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ನಿಮಗೆ ಕೇಳಿದ ಕಿಣಿಕಿಣಿ ಅದೇ ಇರಬಹುದು. ಆದರೆ ಕಿವಿಯ ಮೇಲೆ ಬಿಡಬೇಡಿ, ಲಾಗ್ (ಓಡುವಾಗಿನ ಸೆನ್ಸರ್ ಅಂಕಿಗಳ ದಾಖಲೆ) ತೆಗೆಯಿರಿ. ಬೇಕಾದ ಚಾನೆಲ್‌ಗಳು: ಆರ್‌ಪಿಎಂ, ಲೋಡ್, ಸ್ಪಾರ್ಕ್ ಅಡ್ವಾನ್ಸ್, ಸಿಲಿಂಡರ್‌ವಾರು ನಾಕ್ ರಿಟಾರ್ಡ್ (ನಾಕಿಂಗ್ ಕೇಳಿ ಕಂಪ್ಯೂಟರ್ ಸ್ಪಾರ್ಕನ್ನು ಎಷ್ಟು ಡಿಗ್ರಿ ತಡ ಮಾಡಿತು ಎಂಬುದು), ಲ್ಯಾಂಬ್ಡಾ (ಗಾಳಿ ಪೆಟ್ರೋಲಿನ ಪ್ರಮಾಣ), ಎರಡೂ ಫ್ಯೂಯಲ್ ರೈಲಿನ ಒತ್ತಡ, ಮತ್ತು ಐಎಟಿ2, ಅಂದರೆ ಇಂಟರ್‌ಕೂಲರ್ ದಾಟಿದ ಮೇಲಿನ ಗಾಳಿಯ ಉಷ್ಣತೆ. ನಾಕ್ ರಿಟಾರ್ಡಿಗೆ ಕೆಲವು ಲಾಗರ್ ಕೂಡುವ ಚಿಹ್ನೆ ಹಾಕುತ್ತವೆ, ಕೆಲವು ಕಳೆಯುವ ಚಿಹ್ನೆ. ನಿಮ್ಮದರಲ್ಲಿ ಯಾವುದು ಟೈಮಿಂಗ್ ಹಿಂದಕ್ಕೆ ಎಳೆಯುವುದು ಎಂದು ಮೊದಲು ತಿಳಿದುಕೊಳ್ಳಿ, ಇಲ್ಲದಿದ್ದರೆ ಒಳ್ಳೆಯ ಲಾಗನ್ನು ಕೆಟ್ಟದ್ದು ಅಂತ ಓದುತ್ತೀರಿ.

ಸದ್ದು ಬರಿಸಲು ಹತ್ತು ಸೆಕೆಂಡ್ ಎಳೆಸಬೇಕಾಗಿಲ್ಲ. ಎರಡು ಮೂರು ಸೆಕೆಂಡ್ ಅರ್ಧ ಆಕ್ಸಿಲರೇಟರ್, ರಿಟಾರ್ಡ್ 3 ಡಿಗ್ರಿ ಮುಟ್ಟಿದ ಕೂಡಲೇ ಕಾಲು ತೆಗೆಯಿರಿ. ಲಾಗ್ ನೋಡಲು ಪಕ್ಕದಲ್ಲಿ ಇನ್ನೊಬ್ಬರು ಇರಲಿ.

ಓದುವ ಬಗೆ ಹೀಗೆ. ಎಂಟೂ ಸಿಲಿಂಡರಿನಲ್ಲಿ ಒಂದೇ ಥರ ರಿಟಾರ್ಡ್ ಬಂದರೆ ಕಾರಣ ಎಲ್ಲರಿಗೂ ಸೇರಿದ್ದು: ಗಾಳಿ ಬಿಸಿ, ಪೆಟ್ರೋಲು ಕೆಳದರ್ಜೆಯದು, ಟ್ಯೂನ್ ಅತಿಯಾದದ್ದು. ಒಂದೇ ಸಿಲಿಂಡರಿನಲ್ಲಿ ಬಂದರೆ ಆ ಸಿಲಿಂಡರಿನ ಪ್ಲಗ್, ಇಂಜೆಕ್ಟರ್ ಅಥವಾ ಹತ್ತಿರ ತಾಗುತ್ತಿರುವ ಏನಾದರೂ. ಕೊನೆಯದನ್ನು ಹಗುರ ಮಾಡಬೇಡಿ. ನಾಕ್ ಸೆನ್ಸರುಗಳು ಮ್ಯಾನಿಫೋಲ್ಡಿನ ಕೆಳಗೆ, ಎರಡು ಬ್ಯಾಂಕುಗಳ ನಡುವಿನ ಕಣಿವೆಯಲ್ಲಿ ಇವೆ. ನೀವು ಕಿಟ್ ಕೂರಿಸುವಾಗ ಅಲ್ಲೆಲ್ಲ ಕೈಯಾಡಿಸಿದ್ದೀರಿ. ಒಂದು ಬ್ರಾಕೆಟ್ಟೋ ವೈರಿನ ಕ್ಲಿಪ್ಪೋ ಬ್ಲಾಕಿಗೆ ತಾಗಿ ಅದುರಿದರೂ ಸೆನ್ಸರಿಗೆ ಅದು ನಾಕಿಂಗೇ. ಸೆನ್ಸರಿನ ಬೋಲ್ಟ್ ಸಡಿಲವಿದ್ದರೂ ತಪ್ಪು ಓದುತ್ತದೆ.

ಬಿಸಿ ಗಾಳಿಯ ಲೆಕ್ಕ ಒಮ್ಮೆ ಮನಸ್ಸಿಗೆ ಹಾಕಿಕೊಳ್ಳಿ. ಹೊರಗೆ 36 ಡಿಗ್ರಿ ಸೆಲ್ಸಿಯಸ್ ಇದ್ದಾಗ 9 ಪಿಎಸ್‌ಐಗೆ ಒತ್ತಿದರೆ, ಸೂಪರ್‌ಚಾರ್ಜರಿನ ದಕ್ಷತೆ 65% ಅಂದುಕೊಂಡರೂ, ಗಾಳಿ ಹೊರಬರುವುದು 105 ಡಿಗ್ರಿ ಆಸುಪಾಸಿನಲ್ಲಿ. ಅದನ್ನು ಇಳಿಸುವುದು ಇಂಟರ್‌ಕೂಲರಿನ ನೀರು ಒಂದೇ. ಆ ನೀರು ಓಡದಿದ್ದರೆ ಹೊರಗೆ ಯಾವ ಸದ್ದೂ ಬರುವುದಿಲ್ಲ, ಎಂಜಿನ್ ಉಷ್ಣತೆಯ ಮುಳ್ಳೂ ಅಲ್ಲಾಡುವುದಿಲ್ಲ, ಯಾಕೆಂದರೆ ಅದು ಬೇರೆಯೇ ನೀರು. ಹೆದ್ದಾರಿಯಲ್ಲಿ ಸಮವೇಗದಲ್ಲಿ ಹೋಗುವಾಗ ಐಎಟಿ2 ಹೊರಗಿಗಿಂತ 10–20 ಡಿಗ್ರಿ ಹೆಚ್ಚಿದ್ದರೆ ಸರಿ. ಅದಕ್ಕಿಂತ ತುಂಬಾ ಮೇಲಿದ್ದರೆ ಪಂಪು ನೋಡಿ.

ಹಿಲ್‌ಕಂಟ್ರಿ50

ಎಲ್ಲ ಮಾಡಿ ನೋಡಿದೆ. ಫಲಿತಾಂಶ:

ಟಿಕ್: 700 ಆರ್‌ಪಿಎಂನಲ್ಲಿ ಹತ್ತು ಸೆಕೆಂಡಿಗೆ 58, ಎರಡು ಸಲ ಎಣಿಸಿದರೂ ಅಷ್ಟೇ. ರಬ್ಬರ್ ಪೈಪಿನಲ್ಲಿ ಎಕ್ಸಾಸ್ಟ್ ಜೋಡಣೆಗಳೆಲ್ಲ ಮೌನ. ಡ್ರೈವರ್ ಕಡೆಯ ಕೊನೆಯ ಇಗ್ನಿಷನ್ ಕಾಯಿಲಿನ ಹತ್ತಿರ ಜೋರು.

ಗಲಗಲ: ಕ್ಲಚ್ ಒತ್ತಿದರೆ ಬದಲಾವಣೆ ಇಲ್ಲ. ಬೆಲ್ಟ್ ತೆಗೆದರೆ ಪೂರ್ತಿ ನಿಂತಿತು. ಐಡ್ಲರುಗಳು ಸರಿ ಇವೆ.

ಕಿಣಿಕಿಣಿ: ಹೊರಗೆ 36 ಡಿಗ್ರಿ, ಏರು ಹತ್ತುವಾಗ ಐಎಟಿ2 71 ಡಿಗ್ರಿ. ಏಳು ಸಿಲಿಂಡರಿನಲ್ಲಿ 2ರಿಂದ 3 ಡಿಗ್ರಿ ರಿಟಾರ್ಡ್, ಎಂಟನೆಯದರಲ್ಲಿ ಮಾತ್ರ 5. ಲ್ಯಾಂಬ್ಡಾ, ರೈಲ್ ಒತ್ತಡ ಎರಡೂ ಟ್ಯೂನ್ ಕೇಳಿದಷ್ಟೇ ಇವೆ.

ಟೈಮಿಂಗ್‌ಚೈನ್

ನಿಮ್ಮ ಮೊದಲನೇ ಸದ್ದೂ ಮೂರನೇ ಸದ್ದೂ ಒಂದು ಕಡೆ ಕೈ ಹಿಡಿದುಕೊಂಡಿವೆ. ಫೋರ್ಡ್ ಲೆಕ್ಕದಲ್ಲಿ 1ರಿಂದ 4 ಪ್ಯಾಸೆಂಜರ್ ಕಡೆ, 5ರಿಂದ 8 ಡ್ರೈವರ್ ಕಡೆ, ಮುಂದಿನಿಂದ ಹಿಂದಕ್ಕೆ. ಡ್ರೈವರ್ ಕಡೆಯ ಕೊನೆಯದು ಅಂದರೆ ಎಂಟು. ಟಿಕ್ ಬರುವುದೂ ಅಲ್ಲಿಂದ, ರಿಟಾರ್ಡ್ ಹೆಚ್ಚಿರುವುದೂ ಅಲ್ಲೇ.

ಎಂಟನೇ ಪ್ಲಗ್ ಪೂರ್ತಿ ಬಿಗಿಯಾಗಿಲ್ಲ ಅಂತ ನನ್ನ ಊಹೆ. ಫೈರ್‌ವಾಲ್ ಅಡ್ಡ ಬರುವುದರಿಂದ ಅಲ್ಲಿ ಎಕ್ಸ್‌ಟೆನ್ಷನ್ ಓರೆಯಾಗಿ ಕೂರುತ್ತದೆ, ಪ್ಲಗ್ ಸಾಕೆಟ್ಟು ಬಾವಿಯ ಗೋಡೆಗೆ ಉಜ್ಜುತ್ತದೆ, ಟಾರ್ಕ್ ರೆಂಚ್ ಟಕ್ ಅಂದದ್ದು ಆ ಉಜ್ಜಾಟಕ್ಕೆ, ವಾಷರಿಗಲ್ಲ. ತಣ್ಣಗಿರುವಾಗ ವಾಷರಿನ ಸಂದಿಯಿಂದ ಕಂಪ್ರೆಷನ್ ಟಿಕ್ ಅಂತ ಹೊರಬೀಳುತ್ತದೆ, ಬಿಸಿಯಾದ ಮೇಲೆ ಲೋಹ ಹಿಗ್ಗಿ ಸಂದಿ ಮುಚ್ಚುತ್ತದೆ. ಸದ್ದು ಹೋಯಿತು ಅಂದರೆ ತೊಂದರೆ ಹೋಯಿತು ಅಂತಲ್ಲ. ಪ್ಲಗ್ಗಿನ ತುದಿಯ ಬಿಸಿಯಲ್ಲಿ ಹೆಚ್ಚಿನ ಪಾಲು ಹೆಡ್ಡಿಗೆ ಇಳಿಯುವುದು ಎಳೆ (ತಿರುಪು) ಮತ್ತು ವಾಷರಿನ ಮೂಲಕ. ಅಲ್ಲಿ ಅಪ್ಪುಗೆ ಸಡಿಲವಾದರೆ ಎಷ್ಟೇ ಕೋಲ್ಡ್ ಪ್ಲಗ್ ಹಾಕಿದರೂ ಅದು ಹಾಟ್ ಪ್ಲಗ್ಗೇ. ತುದಿ ಕೆಂಪಗಾಗಿ ಸ್ಪಾರ್ಕಿಗೆ ಮೊದಲೇ ಹೊತ್ತಿಸುತ್ತದೆ. ಇದು ನಾಕಿಂಗಿಗಿಂತ ಕೆಟ್ಟದ್ದು, ಟೈಮಿಂಗ್ ಎಷ್ಟು ಹಿಂದಕ್ಕೆ ಎಳೆದರೂ ತಡೆಯಲಾಗದು.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕಾಯಿಲ್ ತೆಗೆಯಿರಿ. ಬಾವಿಗೆ ಗಾಳಿ ಊದಿ, ಮರಳಿನ ಕಣ ಒಂದಿದ್ದರೂ ಸಿಲಿಂಡರಿಗೆ ಬೀಳುತ್ತದೆ. ಬಿಚ್ಚುವಾಗಲೇ ಗಮನಿಸಿ, ಬೆರಳಿನ ಬಲಕ್ಕೆ ಬಂದುಬಿಟ್ಟರೆ ಉತ್ತರ ಸಿಕ್ಕಿತು. ಪ್ಲಗ್ ಕೈಗೆ ಬಂದ ಮೇಲೆ ವಾಷರ್ ನೋಡಿ: ಚಪ್ಪಟೆಯಾಗಿದೆಯೋ, ಇನ್ನೂ ಉಬ್ಬಿದೆಯೋ? ವಾಷರಿನ ಮೇಲೆ, ಷಟ್ಕೋನದ ಕೆಳಗೆ ಕಪ್ಪು ಮಸಿ ಇದ್ದರೆ ಸೋರಿದ ಗುರುತು. ಬಿಳಿ ಪಿಂಗಾಣಿಯ ಬುಡದಲ್ಲಿ ತಿಳಿ ಕಂದು ಉಂಗುರ ಇದ್ದರೆ ಅದು ಬೇರೆ ವಿಚಾರ, ವಿದ್ಯುತ್ತಿನ ಪ್ರಭಾವದಿಂದ ಆಗುವ ಕಲೆ, ತೊಂದರೆ ಇಲ್ಲ. ತುದಿಯ ಪಿಂಗಾಣಿಯಲ್ಲಿ ಮೆಣಸಿನ ಪುಡಿ ಉದುರಿದ ಹಾಗೆ ಕಪ್ಪು ಚುಕ್ಕಿ, ಅಥವಾ ಮಿರಮಿರ ಹೊಳೆಯುವ ಅಲ್ಯೂಮಿನಿಯಂ ಕಣ ಕಂಡರೆ ಅಲ್ಲಿಗೆ ನಿಲ್ಲಿಸಿ, ಲೀಕ್‌ಡೌನ್ ಟೆಸ್ಟ್ (ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆಂದು ನೋಡುವುದು) ಮಾಡದೆ ಮತ್ತೆ ಸ್ಟಾರ್ಟ್ ಮಾಡಬೇಡಿ.

ಹೊಸ ಪ್ಲಗ್ಗೇ ಹಾಕಿ, ಬಿಸಿಯಲ್ಲಿ ಬೆಂದದ್ದನ್ನು ತಿರುಗಿ ಬಳಸಬೇಡಿ. ಎಳೆಗೆ ಆ್ಯಂಟಿಸೀಜ್ (ತಿರುಪು ಹಿಡಿದುಕೊಳ್ಳದಂತೆ ಬಳಿಯುವ ಪೇಸ್ಟ್) ಹಚ್ಚಬೇಡಿ. ಹಚ್ಚಿದರೆ ರೆಂಚ್ ತೋರಿಸುವುದಕ್ಕಿಂತ ಹೆಚ್ಚು ಬಿಗಿಯಾಗಿ ಹೆಡ್ಡಿನ ಎಳೆ ಕೀಳುತ್ತದೆ. ಮೊದಲು ಬರಿಗೈಯಲ್ಲಿ ಎಕ್ಸ್‌ಟೆನ್ಷನ್ ತಿರುಗಿಸಿ ವಾಷರ್ ಕೂರುವವರೆಗೆ, ಆಮೇಲೆ ಟಾರ್ಕ್ ರೆಂಚ್. 12 ಮಿಲಿಮೀಟರ್ ಎಳೆಯ ಪ್ಲಗ್ಗಿಗೆ 15 ನ್ಯೂಟನ್‌ಮೀಟರ್ ಆಸುಪಾಸು, ನಿಮ್ಮ ಪ್ಲಗ್ಗಿನ ಡಬ್ಬಿ ಬೇರೆ ಹೇಳಿದರೆ ಅದರಂತೆ. ಎಂಟನೆಯದೊಂದೇ ಅಲ್ಲ, ಉಳಿದ ಏಳನ್ನೂ ಪರೀಕ್ಷಿಸಿ.

ಲಾಗ್‌ನೋಡಿ

71 ಡಿಗ್ರಿ ಜಾಸ್ತಿಯಾಯಿತು. ಎಂಟನೆಯದಕ್ಕೆ ಹೆಚ್ಚುವರಿ ಎರಡು ಡಿಗ್ರಿ ಪ್ಲಗ್ಗಿನದಾದರೆ, ಎಲ್ಲರಿಗೂ ಸೇರಿದ ಎರಡು ಮೂರು ಡಿಗ್ರಿ ಈ ಬಿಸಿಯದು.

ಇಂಟರ್‌ಕೂಲರ್ ಟ್ಯಾಂಕಿನ ಮುಚ್ಚಳ ತೆಗೆದು, ಪಂಪು ಓಡುವಾಗ ಟಾರ್ಚ್ ಬಿಟ್ಟು ನೋಡಿ. ನೀರು ಸುಳಿಯಾಗಿ ತಿರುಗುತ್ತಿರಬೇಕು. ಸುಮ್ಮನೆ ನಡುಗುತ್ತಿದ್ದರೆ ಗಾಳಿ ಸಿಕ್ಕಿಕೊಂಡಿದೆ. ಪಂಪಿನ ಎರಡು ವೈರು ಅದಲುಬದಲಾಗಿದ್ದರೂ ಮೋಟಾರು ಓಡುತ್ತದೆ, ಸದ್ದೂ ಬರುತ್ತದೆ, ಆದರೆ ನೀರು ನೂಕುವುದು ಅಷ್ಟಕ್ಕಷ್ಟೆ. ಕಿಟ್ಟಿನ ಚಿತ್ರ ಇಟ್ಟುಕೊಂಡು ವೈರಿನ ಬಣ್ಣವನ್ನೂ ಪೈಪುಗಳ ದಾರಿಯನ್ನೂ ಹೋಲಿಸಿ. ಗಾಳಿ ತೆಗೆಯಲು ಮುಚ್ಚಳ ತೆರೆದು ಹಿಸುಕುತ್ತ ಕೂರುವುದು ಬೇಸರದ ಕೆಲಸ. ವ್ಯಾಕ್ಯೂಮ್ ಹಾಕಿ ತುಂಬುವ ಉಪಕರಣ ಬಾಡಿಗೆಗೆ ತನ್ನಿ. ಪಾದರಸದ 25 ಇಂಚಿನವರೆಗೆ ಎಳೆದು ಐದು ನಿಮಿಷ ಬಿಡಿ. ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ, ನಿಂತರೆ ಅರ್ಧಕ್ಕರ್ಧ ಕೂಲಂಟು ನೀರಿನ ಮಿಶ್ರಣ ಒಳಗೆ ಬಿಡಿ.

ಇನ್ನೊಂದು. ಪಿಸಿವಿ ಪೈಪಿನಿಂದ (ಎಂಜಿನ್ ಒಳಗಿನ ಆವಿಯನ್ನು ಇಂಟೇಕಿಗೆ ಮರಳಿಸುವ ಪೈಪು) ಎಣ್ಣೆ ಇಂಟೇಕಿಗೆ ಬರುತ್ತಿದೆಯೇ ನೋಡಿ. ಎಣ್ಣೆಯ ಮಂಜು ಸೇರಿದ ಪೆಟ್ರೋಲಿನ ಆಕ್ಟೇನ್ ಇಳಿಯುತ್ತದೆ. ಥ್ರಾಟಲ್ ಬಾಡಿಯ ಒಳಗೆ ಬೆರಳಾಡಿಸಿದರೆ ಜಿಡ್ಡು ತೆಳ್ಳಗಿದ್ದರೆ ಸರಿ, ತೊಟ್ಟಿಕ್ಕುವಷ್ಟಿದ್ದರೆ ಆಯಿಲ್ ಸೆಪರೇಟರ್ ಹಾಕಿಸಿ.

ಬನಶಂಕರಿ_ವಿ8

ಮಧ್ಯೆ ಬಾಯಿ ಹಾಕ್ತೀನಿ ಗುರು. 2016ರಿಂದ ಇಲ್ಲಿ ಭಾರತದಲ್ಲಿ ಮಾರಿದ ಜಿಟಿಯಲ್ಲೂ 5.0 ಲೀಟರ್ ಎಂಜಿನ್ನೇ ಅಲ್ವಾ. ಬೆಂಗಳೂರಲ್ಲಿ 95 ಪೆಟ್ರೋಲು ಸಿಗುತ್ತೆ. ಅವರು 93ಕ್ಕೆ ಮಾಡಿದ ಟ್ಯೂನ್ ಇಲ್ಲಿ 95ಕ್ಕೆ ಆರಾಮಾಗಿ ಓಡಬೇಕಲ್ಲ?

ಲಾಗ್‌ನೋಡಿ

ಓಡೋದಿಲ್ಲ, ದಯವಿಟ್ಟು ಪ್ರಯತ್ನಿಸಬೇಡಿ. ಎರಡೂ ಬೇರೆ ಬೇರೆ ಅಳತೆ. ನಮ್ಮ ಪಂಪಿನ 91, 95, 100 ಆರ್‌ಓಎನ್, ಅಂದರೆ ರಿಸರ್ಚ್ ಆಕ್ಟೇನ್. ಅಮೆರಿಕದ ಪಂಪಿನ 93 ಅಂದರೆ ಆರ್‌ಓಎನ್ ಮತ್ತು ಎಂಓಎನ್ (ಮೋಟಾರ್ ಆಕ್ಟೇನ್) ಎರಡರ ಸರಾಸರಿ, ನಮ್ಮ ಲೆಕ್ಕಕ್ಕೆ 97–98 ಆಗುತ್ತದೆ. ನಮ್ಮ 95 ಅವರ 90–91ಕ್ಕೆ ಸಮ. ಇಲ್ಲಿಗೆ ಬಂದ ಆ ಮೊದಲ ಜಿಟಿಗಳ ಕಂಪ್ರೆಷನ್ 11:1, ಅಷ್ಟರ ಮಟ್ಟಿಗೆ ಅನುಕೂಲ. ಆದರೂ ಟ್ಯೂನ್ ಬೇರೆಯದೇ ಬೇಕು.

ಹಿಲ್‌ಕಂಟ್ರಿ50

ಎಂಟನೇ ಪ್ಲಗ್ ಎರಡು ಬೆರಳಿಗೆ ಬಂತು. ವಾಷರ್ ಅರ್ಧ ಮಾತ್ರ ಚಪ್ಪಟೆ, ಒಂದು ಪಕ್ಕಕ್ಕೆ ಮಸಿ. ತುದಿಯ ಪಿಂಗಾಣಿ ಬೆಳ್ಳಗೆ ಸುಣ್ಣದ ಹಾಗೆ ಆಗಿದೆ, ಉಳಿದ ಏಳರಲ್ಲಿ ತಿಳಿ ಕಂದು. ಕಪ್ಪು ಚುಕ್ಕಿ, ಹೊಳೆಯುವ ಕಣ ಇಲ್ಲ. ಹೊಸದು ಹಾಕಿ ಬಿಗಿ ಮಾಡಿದ ಮೇಲೆ ಬೆಳಗಿನ ಟಿಕ್ ಹೋಯಿತು. ಉಳಿದವು ಬಿಗಿಯಾಗಿಯೇ ಇದ್ದವು.

ಇಂಟರ್‌ಕೂಲರಿನಲ್ಲಿ ಗಾಳಿ ಇತ್ತು. ವ್ಯಾಕ್ಯೂಮ್ ಹಾಕಿ ತುಂಬಿದಾಗ ಮುಕ್ಕಾಲು ಲೀಟರ್ ಹೆಚ್ಚಿಗೆ ಹಿಡಿಯಿತು. ಅದೇ ಏರು, ಅಷ್ಟೇ ಬಿಸಿಲು, ಐಎಟಿ2 ಈಗ 49. ರಿಟಾರ್ಡ್ ಎಂಟೂ ಸಿಲಿಂಡರಿನಲ್ಲಿ 1 ಡಿಗ್ರಿ ದಾಟುತ್ತಿಲ್ಲ, ಕಿಣಿಕಿಣಿ ಇಲ್ಲ.

ಐಡ್ಲಿಂಗ್ ಗಲಗಲ ಮಾತ್ರ ಹಾಗೇ ಇದೆ.

ಟೈಮಿಂಗ್‌ಚೈನ್

ಸುಣ್ಣದಂತೆ ಬಿಳುಪಾಗಿದ್ದರೆ ತುಂಬಾ ಬಿಸಿ ಉಂಡಿದೆ. ಕಣ ಇಲ್ಲದ್ದು ಅದೃಷ್ಟ. ಆದರೂ ಎಂಟನೇ ಸಿಲಿಂಡರಿಗೆ ಒಮ್ಮೆ ಲೀಕ್‌ಡೌನ್ ಮಾಡಿ, ಪಕ್ಕದ ಏಳನೆಯದಕ್ಕೆ ಹೋಲಿಸಿ.

ಗಲಗಲದ ಮೂಲ ಹೀಗೆ. ಐಡ್ಲಿಂಗ್‌ನಲ್ಲಿ ಕ್ರ್ಯಾಂಕ್ ಸಮವಾಗಿ ತಿರುಗುವುದಿಲ್ಲ, ಒಂದೊಂದು ಸಿಲಿಂಡರ್ ಹೊಡೆದಾಗ ಮುನ್ನುಗ್ಗಿ ಮತ್ತೆ ತಡೆಯುತ್ತದೆ, 700ರಲ್ಲಿ ಸೆಕೆಂಡಿಗೆ ಸುಮಾರು 47 ಸಲ. ಭಾರದ ರೋಟರುಗಳಿಗೆ ಆ ಕುಲುಕಾಟ ಬೇಡ, ಅವು ಒಂದೇ ವೇಗದಲ್ಲಿ ಹೋಗಲು ನೋಡುತ್ತವೆ. ನಡುವೆ ಇರುವ, ಪುಲ್ಲಿಯನ್ನು ರೋಟರುಗಳಿಗೆ ಜೋಡಿಸುವ ಕಪ್ಲರಿನ ಸಡಿಲು, ಹಲ್ಲುಗಾಲಿಗಳ ಸಂದಿ ಎರಡೂ ಹಿಂದೆ ಮುಂದೆ ಬಡಿದುಕೊಳ್ಳುತ್ತವೆ. ಆರ್‌ಪಿಎಂ ಏರಿದರೆ ಕುಲುಕಾಟ ಸಣ್ಣದಾಗುತ್ತದೆ, ಸದ್ದು ನಿಲ್ಲುತ್ತದೆ.

ಬಿಚ್ಚುವ ಮೊದಲು ಬೈಪಾಸ್ ನೋಡಿ. ಎಂಜಿನ್ ನಿಂತಾಗ ಸ್ಪ್ರಿಂಗ್ ಅದನ್ನು ಮುಚ್ಚಿಟ್ಟಿರುತ್ತದೆ, ಸ್ಟಾರ್ಟ್ ಆದ ಕೂಡಲೇ ವ್ಯಾಕ್ಯೂಮ್ ಅದರ ಕೈಯನ್ನು ಎಳೆದು ಪೂರ್ತಿ ತೆರೆಯಬೇಕು. ಅರ್ಧಕ್ಕೆ ನಿಂತರೆ ಪೈಪ್ ಸೋರುತ್ತಿದೆ ಅಥವಾ ಡಯಾಫ್ರಮ್ ಹರಿದಿದೆ. ಕೈಪಂಪಿನಲ್ಲಿ 10 ಇಂಚು ವ್ಯಾಕ್ಯೂಮ್ ಕೊಟ್ಟು ಒಂದು ನಿಮಿಷ ಹಿಡಿಯುತ್ತದೆಯೇ ನೋಡಿ. ಬೈಪಾಸ್ ಮುಚ್ಚಿದ್ದರೆ ರೋಟರುಗಳ ಮೇಲೆ ಸುಮ್ಮನೆ ಹೊರೆ, ಗಲಗಲ ಜೋರು, ಗಾಳಿಯೂ ಬಿಸಿ.

ಬೈಪಾಸ್ ಸರಿ ಇದ್ದರೆ ಬೆಲ್ಟ್ ತೆಗೆದು ಪುಲ್ಲಿಯನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ಹಿಂದೆ ಮುಂದೆ ಸ್ವಲ್ಪವೇ ಅಲ್ಲಾಡಿಸಿ. ಕೆಲವು ಡಿಗ್ರಿ ಹೋಗಿ, ಸ್ಪ್ರಿಂಗಿನ ಹಾಗೆ ಮೆತ್ತಗೆ ವಾಪಸ್ ಬಂದರೆ ಕಪ್ಲರ್ ಆರೋಗ್ಯವಾಗಿದೆ. ಟಕ್ ಅಂತ ಲೋಹಕ್ಕೆ ಲೋಹ ಬಡಿದರೆ ಸವೆದಿದೆ. ಪುಲ್ಲಿಯನ್ನು ಮೇಲೆ ಕೆಳಗೂ ಎತ್ತಿ ನೋಡಿ, ಆ ದಿಕ್ಕಿನಲ್ಲಿ ಆಟ ಇರಲೇಬಾರದು, ಇದ್ದರೆ ಮೂಗಿನ ಬೇರಿಂಗ್. ಥ್ರಾಟಲ್ ಕಡೆಯಿಂದ ಟಾರ್ಚ್ ಬಿಟ್ಟಾಗ ರೋಟರಿನ ಲೇಪ ಉಜ್ಜಿ ಬರಿಯ ಲೋಹ ಮಿನುಗುತ್ತಿದ್ದರೆ ಮುಂದೆ ಓಡಿಸಬೇಡಿ.

600 ಮೈಲಿಗೆ ಕಪ್ಲರ್ ಸವೆಯುವುದು ಅಪರೂಪ. ಮೆತ್ತಗೆ ವಾಪಸ್ ಬಂದರೆ ಟ್ಯೂನರಿಗೆ ಹೇಳಿ ಐಡ್ಲಿಂಗ್ 50ರಿಂದ 100 ಏರಿಸಿಕೊಳ್ಳಿ, ಅಷ್ಟೇ ಮದ್ದು. ಕಪ್ಲರ್ ಬದಲಿಸುವುದೇ ಆದರೆ ಸೂಪರ್‌ಚಾರ್ಜರಿನ ಎಣ್ಣೆ ಕಿಟ್ಟಿನವರು ಹೇಳಿದ್ದೇ ಹಾಕಿ, ಎಂಜಿನ್ ಆಯಿಲ್ ಹಾಕಬೇಡಿ. ಗಾಡಿ ಸಮತಟ್ಟಾದ ನೆಲದಲ್ಲಿ, ತಣ್ಣಗಿರುವಾಗ ಮಟ್ಟ ನೋಡಿ. ಹೆಚ್ಚು ತುಂಬಿದರೆ ಎಣ್ಣೆ ನೊರೆಯಾಗಿ ಸೀಲಿನಿಂದ ಹೊರಬರುತ್ತದೆ. ಹಳೇ ಎಣ್ಣೆಯನ್ನು ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ಬಿಸಿಲಿಗೆ ಹಿಡಿಯಿರಿ. ಬೂದು ಬಣ್ಣದ ಮಿನುಗು ಕಂಡರೆ ಹಲ್ಲುಗಾಲಿ ಅಥವಾ ಬೇರಿಂಗ್ ಸವೆಯುತ್ತಿದೆ.

ಪಾನಾ_ಪಕ್ಕಡ

ಒಂದ ಮಾತು ಬಿಟ್ರಿ. ಈ ಎಂಜಿನ್ನಿಗೆ ಬೂಸ್ಟ್ ಹಾಕಿದ ಮ್ಯಾಲ ಆಯಿಲ್ ಪಂಪಿನ ಗೇರ್ ಒಡೆಯೂದು ಎಲ್ಲಾರಿಗೂ ಗೊತ್ತಿರೂ ರೋಗ. ಅದು ಪುಡಿಲೋಹದ ಗೇರು, ರೆವ್ ಲಿಮಿಟರಿಗೆ ಪದೇ ಪದೇ ಹೊಡಸಿದ್ರ ಬಿರಿತೈತಿ. ಅದಕ್ಕ ಮೊದಲ ಸದ್ದು ಕೊಡಂಗಿಲ್ಲ, ಒಮ್ಮೆಲೆ ಒತ್ತಡ ಸೊನ್ನಿ. ಅದಕ್ಕ ಒಂದು ಮೆಕ್ಯಾನಿಕಲ್ ಗೇಜ್ ಹಾಕಿ, ಬಿಸಿ ಐಡ್ಲಿಂಗ್‌ನ್ಯಾಗ ಎಷ್ಟು, 3000ಕ್ಕ ಎಷ್ಟು ಅಂತ ಇವತ್ತ ಬರದಿಡ್ರಿ. ಮುಂದಿನ ಆಯಿಲ್ ಚೇಂಜಿಗೆ ಹಳೇ ಫಿಲ್ಟರ್ ಕೊಯ್ದು ಕಾಗದ ಬಿಚ್ಚಿ ನೋಡ್ರಿ. ಆ ಮುಂದುಗಡೆ ಕವರ್ ಯಾವಾಗರ ತೆಗೆಯೂ ಪ್ರಸಂಗ ಬಂದ್ರ ಬಿಲ್ಲೆಟ್ (ಗಟ್ಟಿ ಉಕ್ಕಿನಾಗ ಕೊರೆದ) ಗೇರು, ಕ್ರ್ಯಾಂಕಿನ ಸ್ಪ್ರಾಕೆಟ್ಟು ಎರಡೂ ಕೂಡೇ ಹಾಕ್ಸ್ರಿ, ಬ್ಯಾಲೆನ್ಸರ್ ಬೋಲ್ಟ್ ಮತ್ತ ಹೊಸಾದ ಬೇಕು, ಹಳೇದು ಒಮ್ಮೆ ಹಿಗ್ಗಿದ್ದು ಎರಡನೇ ಸಲಕ್ಕ ಬರಂಗಿಲ್ಲ.

ಹಿಲ್‌ಕಂಟ್ರಿ50

ಬೈಪಾಸ್ ಪೂರ್ತಿ ತೆರೆಯುತ್ತಿದೆ, 10 ಇಂಚು ಹಿಡಿದಿದೆ. ಪುಲ್ಲಿ ಮೆತ್ತಗೆ ವಾಪಸ್ ಬರುತ್ತದೆ, ಮೇಲೆ ಕೆಳಗೆ ಆಟ ಇಲ್ಲ. ಎಂಟನೆಯದರ ಲೀಕ್‌ಡೌನ್ 6%, ಏಳನೆಯದು 5%. ಟ್ಯೂನರ್ ಐಡ್ಲಿಂಗ್ 780 ಮಾಡಿಕೊಟ್ಟರು, ಎಸಿ ಹಾಕಿದಾಗ ಒಂದು ಕ್ಷಣ ಗಲ್ ಅನ್ನುತ್ತದೆ, ಅಷ್ಟೇ. ಗೇಜ್ ಆರ್ಡರ್ ಮಾಡಿದ್ದೇನೆ.